ಕೋರ್ಸ್ ಮೊದಲಾ, ಸ್ಕಾಲರ್‌ಶಿಪ್ ಮೊದಲಾ? ಹೊರನಾಡಿನ ನಮ್ಮ ಮಕ್ಕಳ ಅಡ್ಮಿಷನ್ ಲೆಕ್ಕ

ಇದು ವೀಡಿಯೊದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿ ಹಾಗೇ ಇಟ್ಟಿದ್ದೇವೆ, ಎರಡೆರಡು ಸಲ ಬಂದ ಮಾತುಗಳನ್ನಷ್ಟೇ ತೆಗೆದಿದ್ದೇವೆ.



ಇವತ್ತಿನ ವಿಷಯ ಹನ್ನೆರಡನೇ ಕ್ಲಾಸ್ ಆದಮೇಲೆ ಯಾವ ಕೋರ್ಸ್, ಅದಕ್ಕೆ ದುಡ್ಡು ಎಲ್ಲಿಂದ ಅನ್ನೋದು. ಆದರೆ ಶುರು ಮಾಡೋದು ನನ್ನದೇ ಒಂದು ತಪ್ಪಿನಿಂದ. ಅದನ್ನ ಹೇಳದೆ ಉಳಿದಿದ್ದೆಲ್ಲ ಹೇಳಿದರೆ ಬರೀ ಉಪದೇಶ ಆಗತ್ತೆ.

ನಾನಿರೋದು ಬದಲಾಪುರದಲ್ಲಿ, ಕೆಲಸ ಐರೋಲಿಯಲ್ಲಿ. ಬೆಳಿಗ್ಗೆ ಲೋಕಲ್ ಹಿಡಿದು ಥಾಣೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಲೈನು. ಈ ಕಡೆ ಇರೋ ನಿಮ್ಮಲ್ಲಿ ಬಹಳ ಜನರ ದಿನಚರಿ ಇದೇ. ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆ ಐದಾರು. ಅದರಲ್ಲಿ ಎಂಟೆಕ್ ಓದಿದವನು ನಾನೊಬ್ಬನೇ. ಹಾಗಾಗಿ ಜೂನ್ ತಿಂಗಳು ಬಂತು ಅಂದರೆ ನಮ್ಮ ಮನೆ ಬೆಲ್ ಜಾಸ್ತಿ ಹೊಡೆಯತ್ತೆ.

2022ರಲ್ಲಿ ಹಾಗೆ ಬೆಲ್ ಹೊಡೆದವರು ನಮ್ಮ ಕೆಳಗಿನ ಮನೆಯವರು. ವಿಜಯಪುರ ಜಿಲ್ಲೆ ಇಂಡಿ ತಾಲೂಕಿನವರು. ಅಂಬರನಾಥ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವರ್ಷದ ಆದಾಯ ನಾಲ್ಕು ಲಕ್ಷದ ಆಸುಪಾಸು. ನಾನು ಅವರನ್ನ ಕಾಕಾ ಅಂತೀನಿ. ಮಗಳು ಸಿಇಟಿ ಬರೆದಿದ್ದಳು. ಕಾಕಾ ನಿಂತುಕೊಂಡೇ ಕೇಳಿದರು:

"ಸರ, ಎರಡನೇ ರೌಂಡಿನ್ಯಾಗ ಎಲೆಕ್ಟ್ರಾನಿಕ್ಸ್ ಬಂದದ್ರಿ. ಕಂಪ್ಯೂಟರ್ ಬೇಕಂದ್ರ ಇನ್ನೊಂದು ಕಾಲೇಜಿನವ್ರು ಡೈರೆಕ್ಟ್ ಕೊಡ್ತೀವಿ ಅಂತಾರ. ನಾಳಿ ಸಂಜಿ ಒಳಗ ರೊಕ್ಕ ಕಟ್ಟಬೇಕಂತ. ಏನ್ ಮಾಡೂಣ್ರಿ?"

ನಾನು ಆಫೀಸ್ ಕಾಲ್‌ನಲ್ಲಿದ್ದೆ. ಮ್ಯೂಟ್ ಮಾಡಿ ಎರಡು ಮಾತು ಹೇಳಿದೆ. "ಕಂಪ್ಯೂಟರ್ ತಗೊಳ್ಳಿ ಕಾಕಾ. ಫೀ ವಿಷಯ ಆಮೇಲೆ ನೋಡೋಣ, ಯಾವುದಾದ್ರೂ ಸ್ಕಾಲರ್‌ಶಿಪ್ ಸಿಗತ್ತೆ."

ಆ ಎರಡನೇ ಮಾತಿಗೆ ಅವರು ಕಟ್ಟಿದ ಬೆಲೆ ಹೇಳ್ತೀನಿ.

ಬಾಗಿಲು ಮುಚ್ಚಿದ್ದು ಯಾವಾಗ

ಮಹಾರಾಷ್ಟ್ರದಲ್ಲಿ ಇಂಜಿನಿಯರಿಂಗ್ ಸೀಟು ಸಿಗೋದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ಸಿಇಟಿ ಸೆಲ್ ನಡೆಸೋ ಕ್ಯಾಪ್ ರೌಂಡ್, ಅಂದರೆ ರಾಜ್ಯದ ಕೇಂದ್ರೀಕೃತ ಪ್ರವೇಶ. ಇನ್ನೊಂದು ಕಾಲೇಜು ತಾನೇ ತುಂಬಿಕೊಳ್ಳೋ ಇನ್‌ಸ್ಟಿಟ್ಯೂಟ್ ಲೆವೆಲ್ ಸೀಟು. ಕ್ಲಾಸ್ ರೂಮು ಒಂದೇ, ಮೇಷ್ಟ್ರು ಅವರೇ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಒಂದಕ್ಷರ ವ್ಯತ್ಯಾಸ ಇರಲ್ಲ. ಆದರೆ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಎರಡಕ್ಕೂ ಭೂಮಿ ಆಕಾಶದಷ್ಟು ಅಂತರ.

ರಾಜರ್ಷಿ ಛತ್ರಪತಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆ ಒಂದಿದೆ. ಜನ ಅದನ್ನ ಇಬಿಸಿ ಅಂತಲೇ ಕರೆಯೋದು. ಯಾವ ಮೀಸಲಾತಿಯೂ ಇಲ್ಲದ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿನ ಮಕ್ಕಳಿಗೆ ಟ್ಯೂಷನ್ ಫೀಯ ಅರ್ಧ ಭಾಗ ಸರ್ಕಾರ ಕೊಡತ್ತೆ. ಷರತ್ತು ಎರಡು: ಮಹಾರಾಷ್ಟ್ರದ ಡೊಮಿಸೈಲ್ ಇರಬೇಕು, ಸೀಟು ಕ್ಯಾಪ್ ರೌಂಡಿನಲ್ಲೇ ಬಂದಿರಬೇಕು. ಇನ್‌ಸ್ಟಿಟ್ಯೂಟ್ ಲೆವೆಲ್ ಸೀಟು ತಗೊಂಡ ದಿನವೇ ಆ ಬಾಗಿಲು ನಾಲ್ಕೂ ವರ್ಷಕ್ಕೆ ಮುಚ್ಚಿತು. ನಾನು "ಆಮೇಲೆ ನೋಡೋಣ" ಅಂದೆನಲ್ಲ, ಆ ಆಮೇಲೆ ಅನ್ನೋದೇ ಇರಲಿಲ್ಲ.

ಕಾಕಾ ಲೆಕ್ಕದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 60 ಸಾವಿರ ಹೋಯಿತು. ನಾಲ್ಕು ವರ್ಷಕ್ಕೆ 2 ಲಕ್ಷ 40 ಸಾವಿರ. ಅವರು ಆ ದುಡ್ಡು ಹೊಂದಿಸಿದ್ದು ಊರಿನ ಲಿಂಬೆ ತೋಟ ಲಾವಣಿಗೆ ಹಾಕಿ. ಇಂಡಿ ಕಡೆಯವರಿಗೆ ಲಿಂಬೆ ಗಿಡ ಅಂದರೆ ಏನು ಅಂತ ನಿಮಗೆ ಗೊತ್ತು. ನೆಟ್ಟು ನಾಲ್ಕೈದು ವರ್ಷ ಕಾದು, ಕಾಯಿ ಹಿಡಿಯೋ ಹೊತ್ತಿಗೆ ಬೇರೆಯವರ ಕೈಗೆ ಕೊಟ್ಟರು. ಒಂದು ದಿನವೂ ನನ್ನನ್ನ ಅಂದಿಲ್ಲ. ಅದೇ ನನಗೆ ಹೆಚ್ಚು ಚುಚ್ಚೋದು.

ಆಮೇಲೆ ನಾನು ಕೂತು ಓದಿದೆ. ನಿಯಮ ಪುಸ್ತಿಕೆಗಳು, ಸರ್ಕಾರಿ ಆದೇಶಗಳು, ಪೋರ್ಟಲ್‌ಗಳು. ಓದಿದಮೇಲೆ ಗೊತ್ತಾಗಿದ್ದು ಒಂದೇ. ನಾವು ಕೋರ್ಸ್ ಮೊದಲು ಆರಿಸಿ ಸ್ಕಾಲರ್‌ಶಿಪ್ ಆಮೇಲೆ ಹುಡುಕ್ತೀವಿ. ನಿಯಮಗಳು ಇರೋದು ಹಾಗಲ್ಲ. ಯಾವ ರಾಜ್ಯದ ಮಗು, ಯಾವ ದಾರಿಯ ಸೀಟು, ಎಷ್ಟು ಆದಾಯ ಅನ್ನೋ ಮೂರು ಉತ್ತರ ಮೊದಲು. ಕೋರ್ಸಿನ ಹೆಸರು ಅದರ ಜೊತೆಗೇ ಬರಬೇಕು, ಬೇರೆ ಬರೋ ಹಾಗಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಮೊದಲನೇ ಪ್ರಶ್ನೆಯೇ ತೊಡಕು.

ಕಾಗದದ ಮೇಲೆ ಮಗು ಯಾವ ರಾಜ್ಯದ್ದು?

ಮನೆಯಲ್ಲಿ ನಾವು ಕನ್ನಡದವರು. ಕಾಗದದ ಮೇಲೆ ನಮ್ಮ ಮಕ್ಕಳು ಏನು? ಇದಕ್ಕೆ ಒಂದೇ ಉತ್ತರ ಇಲ್ಲ. ಪ್ರತಿ ಪ್ರವೇಶ ಪದ್ಧತಿಗೂ ಬೇರೆ ಬೇರೆ ಅಳತೆ.

ಮಹಾರಾಷ್ಟ್ರದ ಕ್ಯಾಪ್‌ನಲ್ಲಿ ಮೊದಲ ಬಗೆ, ಅಂದರೆ ಟೈಪ್ ಎ. ಹತ್ತು ಮತ್ತು ಹನ್ನೆರಡು ಎರಡೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು, ಜೊತೆಗೆ ಮಗು ಇಲ್ಲೇ ಹುಟ್ಟಿರಬೇಕು ಅಥವಾ ಇಲ್ಲಿನ ಡೊಮಿಸೈಲ್ ಇರಬೇಕು. ಕೇಳೋಕೆ ಸುಲಭ. ಆದರೆ ನಮ್ಮ ಮನೆಗಳಲ್ಲಿ ಏನಾಗತ್ತೆ? ಮೊದಲ ಬಾಣಂತನ ತವರುಮನೆಯಲ್ಲಿ. ಕಾಕಾ ಮಗಳು ಬೆಳೆದಿದ್ದು, ಬಾಲವಾಡಿಯಿಂದ ಹನ್ನೆರಡನೇವರೆಗೆ ಓದಿದ್ದು ಎಲ್ಲ ಬದಲಾಪುರದಲ್ಲಿ. ಆದರೆ ಹುಟ್ಟಿದ್ದು ಇಂಡಿಯಲ್ಲಿ, ಜನನ ಪ್ರಮಾಣಪತ್ರ ಕರ್ನಾಟಕದ್ದು. ಅವಳ ತಮ್ಮ ಹುಟ್ಟಿದ್ದು ಉಲ್ಲಾಸನಗರದ ಆಸ್ಪತ್ರೆಯಲ್ಲಿ. ಒಂದೇ ತಾಯಿಯ ಮಕ್ಕಳಿಗೆ ಬೇರೆ ಬೇರೆ ಕಾಗದ!

ಡೊಮಿಸೈಲ್ ಸಿಗಬೇಕು ಅಂದರೆ ಸಾಮಾನ್ಯವಾಗಿ 15 ವರ್ಷ ಇಲ್ಲಿ ವಾಸ ಮಾಡಿದ್ದಕ್ಕೆ ದಾಖಲೆ ಕೇಳ್ತಾರೆ. ಬಾಡಿಗೆ ಮನೆಯವರಿಗೆ ಅದು ಕಷ್ಟ. 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಮನೆ ಬದಲಾಯಿಸಿದಾಗ ಹಳೇ ಕಾಗದ ರದ್ದಿಗೆ. ಕರೆಂಟ್ ಬಿಲ್ಲು ಮಾಲೀಕರ ಹೆಸರಲ್ಲಿ. ಇಂಥ ಕಡೆ ಕೈ ಹಿಡಿಯೋದು ಮಗುವಿನ ಶಾಲೆಯ ದಾಖಲೆ, ರೇಷನ್ ಕಾರ್ಡ್, ತಂದೆಯ ಕೆಲಸದ ದಾಖಲೆ. ಹಾಗಾಗಿ ಒಂದನೇ ಕ್ಲಾಸಿನ ಬೋನಫೈಡ್ ಕೂಡ ಬಿಸಾಡಬೇಡಿ.

ಇನ್ನು ಎನ್‌ಐಟಿಗಳು. ಇಲ್ಲಿ ಅಳತೆ ಪೂರ್ತಿ ಬೇರೆ. ಎನ್‌ಐಟಿಯ ಅರ್ಧ ಸೀಟು ಆಯಾ ರಾಜ್ಯದವರಿಗೆ. ಆದರೆ ರಾಜ್ಯದವರು ಯಾರು ಅನ್ನೋದು ಹುಟ್ಟಿದ ಊರಿನಿಂದ ಅಲ್ಲ, ತಾಯ್ನುಡಿಯಿಂದಲೂ ಅಲ್ಲ. ಹನ್ನೆರಡನೇ ಕ್ಲಾಸ್ ಯಾವ ರಾಜ್ಯದಲ್ಲಿ ಪಾಸಾದೆ ಅನ್ನೋದಷ್ಟೇ. ಬದಲಾಪುರದಲ್ಲಿ ಹನ್ನೆರಡನೇ ಮುಗಿಸಿದ ಇಂಡಿಯ ಹುಡುಗನಿಗೆ ನಾಗಪುರದ ವಿಎನ್‌ಐಟಿ ಸ್ವಂತ ರಾಜ್ಯದ್ದು, ಸುರತ್ಕಲ್ಲಿನ ಎನ್‌ಐಟಿಕೆ ಹೊರರಾಜ್ಯದ್ದು. ಅವನ ಅಜ್ಜಿ ಮನೆಯಲ್ಲಿ ಕೂತು ಪಿಯುಸಿ ಮಾಡಿದ್ದರೆ ಇದು ತಿರುವುಮುರುವು.

ಅಂದರೆ ಈ ತೀರ್ಮಾನ ಹನ್ನೆರಡನೇ ಆದಮೇಲೆ ಅಲ್ಲ, ಹತ್ತನೇ ಮುಗಿದ ಬೇಸಿಗೆಯಲ್ಲೇ ಆಗಿಹೋಗಿರತ್ತೆ. ನಮಗೆ ಗೊತ್ತಿಲ್ಲದೇ ನಾವೇ ಮಾಡಿರ್ತೀವಿ.

ಕರ್ನಾಟಕದ ಕಡೆಯ ಬಾಗಿಲುಗಳು

ಕೆಸಿಇಟಿಗೆ ಸಾಮಾನ್ಯ ನಿಯಮ ಏನಂದರೆ ಒಂದರಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ನಮ್ಮ ಮಕ್ಕಳು ಅಲ್ಲೇ ಹೊರಗೆ ಬೀಳ್ತಾರೆ. ಆದರೆ ಬೇರೆ ಕಲಮುಗಳೂ ಇವೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯುಸಿ ಅಲ್ಲೇ ಮುಗಿಸಿದರೆ ಒಂದು ದಾರಿ ಇದೆ. ನಮ್ಮಲ್ಲಿ ಬಹಳ ಜನರಿಗೆ ಇದು ಹೊಂದತ್ತೆ, ಯಾಕಂದರೆ ನಾವು ಓದಿದ್ದು ಅಲ್ಲೇ. ನಿಮ್ಮ ಹಳೇ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತರಿಸಬೇಕು, ಅಷ್ಟೇ.

ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ. ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸತ್ತೆ. ಒಂದು ಗಂಟೆ, 50 ಅಂಕ. ಯಾರು ಈ ಕಲಮಿನೊಳಗೆ ಬರ್ತಾರೆ, ಯಾವ ಸೀಟಿಗೆ ಲೆಕ್ಕ ಅನ್ನೋದನ್ನ ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಸಾಲು ಸಾಲು ಓದಿ. ನಾನಿಲ್ಲಿ ಹೇಳಬೇಕಾದ್ದು ಬೇರೆ. ನಮ್ಮ ಮಕ್ಕಳು ಮನೆಯಲ್ಲಿ ಚಂದ ಕನ್ನಡ ಮಾತಾಡ್ತಾರೆ. ಬರೀ ಅಂದರೆ ದೇವನಾಗರಿಯಲ್ಲಿ ಬರೀತಾರೆ. ಒಂದು ಗಂಟೆಯ ಪರೀಕ್ಷೆ ಬರೆಯೋಷ್ಟು ಅಕ್ಷರ ಕಲಿಸೋಕೆ ಒಂದು ವರ್ಷದ ಭಾನುವಾರಗಳು ಸಾಕು. ಸಂಸ್ಕೃತಿ ಉಳಿಸೋಣ ಅಂತ ಭಾಷಣ ಮಾಡ್ತೀವಿ. ಇಲ್ಲಿ ಆ ಅಕ್ಷರಕ್ಕೆ ಸೀಟಿನ ಬೆಲೆಯೇ ಇದೆ.

ಇದ್ಯಾವುದೂ ಆಗಲಿಲ್ಲ ಅಂದರೆ ಕಾಮೆಡ್‌ಕೆ ಇದೆ. ಬೇರೆ ರಾಜ್ಯದವರೂ ಬರೀಬಹುದು. ಆದರೆ ಫೀ ಸರ್ಕಾರಿ ಕೋಟಾ ಸೀಟಿಗಿಂತ ಬಹಳ ಹೆಚ್ಚು, ಮೇಲೆ ಹಾಸ್ಟೆಲ್. ಬೆಂಗಳೂರು ಅನ್ನೋ ಹೆಸರಿಗೆ ಮರುಳಾಗಬೇಡಿ, ನಾಲ್ಕೂ ವರ್ಷದ ಮೊತ್ತ ಬರೆದು ನೋಡಿ.

ಜಾತಿ ಪ್ರಮಾಣಪತ್ರ ಗಡಿ ದಾಟಲ್ಲ

ಇದನ್ನ ಯಾರೂ ಜೋರಾಗಿ ಹೇಳಲ್ಲ, ಹಾಗಾಗಿ ನಾನು ಹೇಳಿಬಿಡ್ತೀನಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲು ಸೀಟಿಗೆ ನಡೆಯಲ್ಲ. ಅದೇ ಹೆಸರಿನ ಜಾತಿ ಎರಡೂ ರಾಜ್ಯದ ಪಟ್ಟಿಯಲ್ಲಿದ್ದರೂ ನಡೆಯಲ್ಲ. ಇದು ತೀರ್ಮಾನ ಆಗಿದ್ದು ಮುಂಬಯಿಯದೇ ಒಂದು ಪ್ರಕರಣದಲ್ಲಿ. ಆಂಧ್ರದಿಂದ ಚಿಕ್ಕ ವಯಸ್ಸಿನಲ್ಲಿ ಇಲ್ಲಿಗೆ ಬಂದ ಹುಡುಗ ಪರಿಶಿಷ್ಟ ಪಂಗಡದ ಕೋಟಾದಲ್ಲಿ ಮೆಡಿಕಲ್ ಸೀಟು ಕೇಳಿದ. ಮರ್ರಿ ಚಂದ್ರಶೇಖರ ರಾವ್ ವಿರುದ್ಧ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು ಅನ್ನೋ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದ್ದು: ಒಂದು ರಾಜ್ಯದಲ್ಲಿ ಸಿಕ್ಕ ಪರಿಶಿಷ್ಟ ಸ್ಥಾನ ವಲಸೆ ಹೋದ ರಾಜ್ಯಕ್ಕೆ ಜೊತೆಯಲ್ಲಿ ಬರಲ್ಲ.

ಮಹಾರಾಷ್ಟ್ರದಲ್ಲಿ ಇದಕ್ಕೆ ತಾರೀಖೇ ಇದೆ. ಕುಟುಂಬ ಇಲ್ಲಿಯದು ಅಂತ ಆಗಬೇಕಾದರೆ ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967ಕ್ಕೆ ಮೊದಲಿನ ವಾಸದ ದಾಖಲೆ ಬೇಕು. ನಾವು ಬಂದಿದ್ದು 2000ದ ಆಚೆ ಈಚೆ. ಹಾಗಾಗಿ 2024ರಲ್ಲಿ ಇಲ್ಲಿನ ಸರ್ಕಾರ 8 ಲಕ್ಷದೊಳಗಿನ ಆದಾಯದ ಒಬಿಸಿ, ಇಡಬ್ಲ್ಯುಎಸ್, ಎಸ್‌ಇಬಿಸಿ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸಿನ ಟ್ಯೂಷನ್ ಫೀ ಪೂರ್ತಿ ಮನ್ನಾ ಮಾಡಿದಾಗಲೂ, ಊರಿನಲ್ಲಿ ಒಬಿಸಿ ಆಗಿರೋ ನಮ್ಮವರ ಹೆಣ್ಣುಮಕ್ಕಳಿಗೆ ಆ ಸಾಲಿನಲ್ಲಿ ಜಾಗ ಇರಲಿಲ್ಲ.

ಒಂದು ಸಮಾಧಾನ ಇದೆ. ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಕೊಡೋದು ವಿದ್ಯಾರ್ಥಿ ಮೂಲತಃ ಸೇರಿದ ರಾಜ್ಯ, ಅವನು ಓದೋ ರಾಜ್ಯ ಅಲ್ಲ. ಆದಾಯ ಮಿತಿ 2.5 ಲಕ್ಷ. ಊರಿನ ಜೊತೆ ಕಾಗದದ ನಂಟು ಇರೋರು ಊರಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಇಲ್ಲಿನ ಕೌಂಟರಿನಲ್ಲಿ ಇಲ್ಲ ಅಂದರು ಅಂತ ಅಲ್ಲಿಗೇ ಬಿಡಬೇಡಿ.

ರಾಜ್ಯ ಕೇಳದ ಸ್ಕಾಲರ್‌ಶಿಪ್‌ಗಳು

ಈಗ ಒಳ್ಳೇ ಸುದ್ದಿ. ನೀವು ಎಲ್ಲಿಯವರು ಅಂತ ಕೇಳದ ದುಡ್ಡೂ ಇದೆ.

ಮೊದಲನೇದು ಎಐಸಿಟಿಇಯ ಪ್ರಗತಿ. ಹೆಣ್ಣುಮಕ್ಕಳಿಗೆ, ಟೆಕ್ನಿಕಲ್ ಡಿಗ್ರಿ ಅಥವಾ ಡಿಪ್ಲೊಮಾಗೆ, ವರ್ಷಕ್ಕೆ 50 ಸಾವಿರ. ಆದಾಯ ಮಿತಿ 8 ಲಕ್ಷ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗತ್ತೆ. ಆದರೆ ಅರ್ಜಿ ಹಾಕಬೇಕಾದ್ದು ಮೊದಲ ವರ್ಷದಲ್ಲಿ. ಡಿಪ್ಲೊಮಾ ಮುಗಿಸಿ ಬಂದವರಾದರೆ ಎರಡನೇ ವರ್ಷಕ್ಕೆ ಸೇರಿದಾಗ. ಕಾಕಾ ಮಗಳ ವಿಷಯದಲ್ಲಿ ನನಗೆ ಇದು ಗೊತ್ತಾಗಿದ್ದು ಅವಳು ಮೂರನೇ ಸೆಮಿಸ್ಟರ್‌ನಲ್ಲಿದ್ದಾಗ. ಅಂಗವಿಕಲ ಮಕ್ಕಳಿಗೆ ಇದೇ ಥರ ಸಕ್ಷಮ್ ಇದೆ, ತಂದೆತಾಯಿ ಇಲ್ಲದ ಮಕ್ಕಳಿಗೆ ಸ್ವನಾಥ್ ಇದೆ.

ಎರಡನೇದು ಕೇಂದ್ರ ವಲಯದ ವಿದ್ಯಾರ್ಥಿವೇತನ. ಹನ್ನೆರಡನೇ ಕ್ಲಾಸಿನಲ್ಲಿ ತಮ್ಮ ಬೋರ್ಡಿನ 80ನೇ ಪರ್ಸೆಂಟೈಲಿಗಿಂತ ಮೇಲಿದ್ದು, ಆದಾಯ 4.5 ಲಕ್ಷದೊಳಗಿದ್ದರೆ ಡಿಗ್ರಿಗೆ ವರ್ಷಕ್ಕೆ 12 ಸಾವಿರ, ಸ್ನಾತಕೋತ್ತರಕ್ಕೆ 20 ಸಾವಿರ. ಬಿಎ, ಬಿಕಾಂ, ಬಿಎಸ್‌ಸಿ ಎಲ್ಲಕ್ಕೂ ಸಿಗತ್ತೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82 ಸಾವಿರ ಹೊಸಬರಿಗೆ. ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. 12 ಸಾವಿರ ಏನು ಮಹಾ ಅನ್ನಬೇಡಿ. ಅನುದಾನಿತ ಕಾಲೇಜಿನ ಬಿಎಸ್‌ಸಿಯಲ್ಲಿ ಅದು ಫೀಗೂ ರೈಲ್ವೆಯ ಸ್ಟೂಡೆಂಟ್ ಪಾಸಿಗೂ ಒಳ್ಳೇ ಆಸರೆ.

ಮೂರನೇದು ಟ್ಯೂಷನ್ ಫೀ ಮನ್ನಾ ಸೀಟು. ಎಐಸಿಟಿಇ ಒಪ್ಪಿಗೆಯ ಕೋರ್ಸಿನಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು, ಆದಾಯ 8 ಲಕ್ಷದೊಳಗಿನವರಿಗೆ, ನಾಲ್ಕೂ ವರ್ಷ ಟ್ಯೂಷನ್ ಫೀ ಇಲ್ಲ. ಇದು ಆಯಾ ರಾಜ್ಯದ ಅಭ್ಯರ್ಥಿಗಳಿಗೆ, ಕ್ಯಾಪ್ ಫಾರ್ಮಿನಲ್ಲೇ ಆಯ್ಕೆ ಮಾಡಿಕೊಳ್ಳಬೇಕು. ಕಟಾಫ್ ಮೇಲಿರತ್ತೆ. ಆದರೆ ಟಿಕ್ ಮಾಡದೇ ಇದ್ದರೆ ಶೂನ್ಯ.

ನಿಮ್ಮ ಮನೆಯ ಆದಾಯ 8 ಲಕ್ಷ ದಾಟಿದೆ ಅನ್ನೋರಿಗೆ, ಅಂದರೆ ಇದನ್ನ ನೋಡ್ತಿರೋ ಐಟಿಯವರಲ್ಲಿ ಬಹಳ ಜನಕ್ಕೆ, ಸರ್ಕಾರದ ಕಡೆ ಹೆಚ್ಚೇನೂ ಇಲ್ಲ. ರಿಲಯನ್ಸ್ ಫೌಂಡೇಶನ್ನಿನ ಪದವಿ ಸ್ಕಾಲರ್‌ಶಿಪ್ ಆದಾಯ 15 ಲಕ್ಷದವರೆಗಿನವರನ್ನ ತಗೊಳ್ಳತ್ತೆ. ವರ್ಷಕ್ಕೆ 5,000 ಜನ, ಪೂರ್ತಿ ಡಿಗ್ರಿಗೆ 2 ಲಕ್ಷದವರೆಗೆ, ಯಾವ ಕೋರ್ಸಾದರೂ ಸರಿ. ಇದೂ ಮೊದಲ ವರ್ಷದವರಿಗೇ. ಸಾಲ ತಗೊಂಡರೆ ಹಳೇ ತೆರಿಗೆ ಪದ್ಧತಿಯಲ್ಲಿ 80ಇ ಅಡಿ ಬಡ್ಡಿಗೆ 8 ವರ್ಷ ವಿನಾಯಿತಿ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಪಟ್ಟಿಯಲ್ಲಿರೋ ಒಳ್ಳೇ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಆಸ್ತಿ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ಸಹಾಯವೂ ಉಂಟು. ಲಿಂಬೆ ತೋಟ ಲಾವಣಿಗೆ ಹಾಕೋ ಮೊದಲು ಬ್ಯಾಂಕಿನಲ್ಲಿ ಇಷ್ಟು ಕೇಳಬೇಕು.

ನಮ್ಮವರದೇ ಸಂಘಗಳನ್ನೂ ಮರೀಬೇಡಿ. ಮುಂಬಯಿಗೆ ಬಂದ ಕರಾವಳಿಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ್ದು ಮೊಗವೀರ, ಬಂಟ, ಬಿಲ್ಲವ ಸಂಘಗಳಂಥವು ನಡೆಸಿದ ರಾತ್ರಿಶಾಲೆಗಳಲ್ಲಿ. ಅದು ಆ ಕಾಲದ ಸ್ಕಾಲರ್‌ಶಿಪ್. ಇವತ್ತಿಗೂ ಅನೇಕ ಸಂಘಗಳು ವರ್ಷಾ ವರ್ಷ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡ್ತವೆ. ಐಟಿಗೆ ಬಂದ ನಾವು ಈ ಸಂಘಗಳ ಕಡೆ ತಲೆ ಹಾಕೋದು ದಸರಾ ಊಟಕ್ಕೆ ಮಾತ್ರ. ಜೂನ್‌ನಲ್ಲಿ ಒಂದು ಫೋನ್ ಮಾಡಿ ನೋಡಿ.

ಹಾಗಾದರೆ ಯಾವ ಕೋರ್ಸ್?

ಈಗ ಕಾಕಾ ಮನೆಯಲ್ಲಿ ಎರಡನೇ ಸುತ್ತು. ಮಗಳು ಇಂಜಿನಿಯರಿಂಗ್ ಕೊನೇ ವರ್ಷ. ಮಗ ಹನ್ನೆರಡನೇ ಕ್ಲಾಸ್. ಈ ಸಲ ಬೆಲ್ ಹೊಡೆದಾಗ ನಾನು ಭಾನುವಾರ ಮಧ್ಯಾಹ್ನ ಪೂರ್ತಿ ಖಾಲಿ ಇಟ್ಟುಕೊಂಡಿದ್ದೆ.

ಹುಡುಗ ಕೂತ ಕೂಡಲೇ ಕೇಳಿದ. "ಅಣ್ಣಾ, ನೀವು ಇಂಜಿನಿಯರಿಂಗ್‌ನ್ಯಾಗ ಓದಿದ್ದಕ್ಕೂ ಈಗ ಮಾಡೋ ಕೆಲಸಕ್ಕೂ ಏನ್ ಸಂಬಂಧ ಅದ?"

ನಾನು ನಿಜ ಹೇಳಿದೆ. ನಾನು ಬಿಇ ಓದಿದ್ದು ಎಲೆಕ್ಟ್ರಾನಿಕ್ಸ್. ಅವನ ಅಕ್ಕನಿಗೆ ಬೇಡ ಅಂದೆನಲ್ಲ, ಅದೇ ಬ್ರಾಂಚ್! ಕೆಲಸ ಸಾಫ್ಟ್‌ವೇರ್. ನನಗೆ ಇವತ್ತಿಗೂ ಅನ್ನ ಹಾಕ್ತಿರೋದು ಗಣಿತ, ಒಂದು ಪ್ರೋಗ್ರಾಮಿಂಗ್ ಭಾಷೆಯನ್ನ ಸರಿಯಾಗಿ ಕಲಿತಿದ್ದು, ತಪ್ಪು ಹುಡುಕೋ ತಾಳ್ಮೆ. ಎಂಟೆಕ್ ಓದಿದ್ದು ಮನೆಯಿಂದ ದುಡ್ಡು ತಗೊಂಡಲ್ಲ. ಗೇಟ್ ಪರೀಕ್ಷೆಯ ಮೇಲೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಬರ್ತಿತ್ತು, ಎರಡು ವರ್ಷ ಅದರಲ್ಲೇ ನಡೀತು. ನಮ್ಮ ಟೀಮಿನಲ್ಲಿ ಬಿಎಸ್‌ಸಿ ಮುಗಿಸಿ ಎಂಸಿಎ ಮಾಡಿದವರಿದ್ದಾರೆ. ಅವರ ಕೋಡಿಗೂ ನನ್ನ ಕೋಡಿಗೂ ಕಂಪೈಲರ್ ವ್ಯತ್ಯಾಸ ಮಾಡಲ್ಲ.

ಆಗ ಹುಡುಗ ನಿಧಾನಕ್ಕೆ ಹೇಳಿದ, ನನಗೆ ಗಣಿತ ಇಷ್ಟ, ಇಂಜಿನಿಯರಿಂಗ್ ಬ್ಯಾಡ. ಕಾಕಾ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿದ್ದ ಭಯ ನನಗೆ ಅರ್ಥವಾಗತ್ತೆ. ಊರಲ್ಲಿ ಬಿಎಸ್‌ಸಿ ಅಂದರೆ ಸೀಟು ಸಿಗದವರು ಮಾಡೋದು ಅಂತ.

ನಾನು ನೋಟ್‌ಬುಕ್ ತೆಗೆದು ಬರೆದೆ. ಮೊದಲನೇ ಸಾಲು: ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಬೆಂಗಳೂರಿನಲ್ಲಿ ಬಿ.ಮ್ಯಾಥ್, ಕೋಲ್ಕತಾದಲ್ಲಿ ಬಿ.ಸ್ಟ್ಯಾಟ್. ಸಂಸ್ಥೆಯದೇ ಪ್ರವೇಶ ಪರೀಕ್ಷೆ, ಡೊಮಿಸೈಲ್ ಕೇಳಲ್ಲ, ಟ್ಯೂಷನ್ ಫೀ ಇಲ್ಲ, ಮೇಲೆ ಅವರೇ ತಿಂಗಳಿಗೆ 5,000 ಸ್ಟೈಪೆಂಡ್ ಕೊಡ್ತಾರೆ. ಪರೀಕ್ಷೆ ಕಠಿಣ, ಸೀಟು ಕಮ್ಮಿ. ಎರಡನೇ ಸಾಲು: ಇಲ್ಲೇ ಕಲ್ಯಾಣದ ಬಿರ್ಲಾ ಕಾಲೇಜು ಅಥವಾ ಥಾಣೆಯ ಬಾಂದೋಡ್ಕರ್ ಕಾಲೇಜಿನಂಥ ಕಡೆ ಬಿಎಸ್‌ಸಿ. ಬೋರ್ಡಿನ ಮೇಲಿನ ಶೇ. 1ರಲ್ಲಿ ಬಂದರೆ ಮೂಲ ವಿಜ್ಞಾನಕ್ಕೆ ಇನ್‌ಸ್ಪೈರ್ ಇದೆ, ವರ್ಷಕ್ಕೆ 80 ಸಾವಿರ. ಅಷ್ಟು ಬರದಿದ್ದರೆ ಕೇಂದ್ರ ವಲಯದ 12 ಸಾವಿರ. ಆಮೇಲೆ ಬೇಕಾದರೆ ಎಂಸಿಎ, 2020ರಿಂದ ಅದು ಎರಡೇ ವರ್ಷ. ಮೂರನೇ ಸಾಲು: ಬಿಎಸ್‌ಸಿ ಜೊತೆಗೇ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್. ಆದಾಯ ಮತ್ತು ವರ್ಗ ನೋಡಿ ಫೀಯಲ್ಲಿ ಶೇ. 75ರವರೆಗೆ ರಿಯಾಯಿತಿ. ನಾಲ್ಕನೇ ಸಾಲು: ಸಿಇಟಿ ಕ್ಯಾಪ್ ರೌಂಡು. ಹುಡುಗ ಬೇಡ ಅಂದರೂ ಬರೆಸಿದೆ, ಯಾಕಂದರೆ ಬಾಗಿಲು ಮುಚ್ಚೋದು ಅವನ ಮನಸ್ಸಿನಿಂದ ಆಗಲಿ, ಕೊನೇ ದಿನಾಂಕದಿಂದ ಬೇಡ.

ಪ್ರತಿ ಸಾಲಿನ ಮುಂದೆ ಮೂರು ಅಂಕಿ: ಪೂರ್ತಿ ಕೋರ್ಸಿನ ಖರ್ಚು, ವಾಪಸ್ ಬರೋ ದುಡ್ಡು, ದಿನಕ್ಕೆ ಎಷ್ಟು ಗಂಟೆ ರೈಲಿನಲ್ಲಿ. ಮೂರನೇದನ್ನ ಹಗುರವಾಗಿ ತಗೋಬೇಡಿ. ಬದಲಾಪುರದಿಂದ ಸಿಎಸ್‌ಎಂಟಿ 68 ಕಿಲೋಮೀಟರ್. ಮಾಟುಂಗಾದ ವಿಜೆಟಿಐ ಸಿಕ್ಕರೆ ಕಣ್ಣುಮುಚ್ಚಿ ಹೋಗಬೇಕು, ಸರಿ. ಆದರೆ ಸಾಧಾರಣ ಕಾಲೇಜಿಗೋಸ್ಕರ ದಿನಕ್ಕೆ ನಾಲ್ಕು ಗಂಟೆ ನೇತಾಡಿ ಹೋಗೋ ಮಗು ಮನೆಗೆ ಬಂದು ಏನು ಓದತ್ತೆ?

ಕಾಲೇಜು ನೋಡುವಾಗ ಒಂದು ಮಾತು. ಬೋರ್ಡಿನ ಮೇಲೆ ಬರೆದ ಅತಿ ದೊಡ್ಡ ಪ್ಯಾಕೇಜ್ ನೋಡಬೇಡಿ. ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಟ್ಟ ದಾಖಲೆಯಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ ಎಷ್ಟು ಅಂತ ಇರತ್ತೆ. ಅದು ನಿಮ್ಮ ಮಗುವಿಗೆ ಹತ್ತಿರದ ಅಂಕಿ. ಖಾಸಗಿ ಕಾಲೇಜಿನ ಫೀ ಎಷ್ಟು ಅಂತ ಏಜೆಂಟ್ ಹೇಳೋದಲ್ಲ, ಮಹಾರಾಷ್ಟ್ರದ ಶುಲ್ಕ ನಿಯಂತ್ರಣ ಪ್ರಾಧಿಕಾರ ಒಪ್ಪಿದ ಮೊತ್ತ ಅವರ ವೆಬ್‌ಸೈಟಿನಲ್ಲೇ ಇರತ್ತೆ.

ರಿಸಲ್ಟಿಗೆ ಮೊದಲೇ ಮುಗಿಸೋ ಕೆಲಸ

ಹನ್ನೊಂದನೇ ಕ್ಲಾಸಿನಲ್ಲೇ ಇಷ್ಟು ಮಾಡಿ. ಅಂಬರನಾಥ ತಹಸೀಲ್ದಾರ್ ಕಚೇರಿಯಿಂದ ಡೊಮಿಸೈಲ್. ಬದಲಾಪುರ ಆ ತಾಲೂಕಿಗೇ ಸೇರತ್ತೆ. ಬೇರೆಯವರು ನಿಮ್ಮ ತಾಲೂಕು ನೋಡ್ಕೊಳ್ಳಿ. ಆಪ್ಲೆ ಸರ್ಕಾರ್ ಪೋರ್ಟಲ್‌ನಿಂದಲೂ ಅರ್ಜಿ ಹೋಗತ್ತೆ. ಆದಾಯದ ದಾಖಲೆ ಆಯಾ ಹಣಕಾಸು ವರ್ಷದ್ದೇ ಬೇಕು, ಅದನ್ನ ಏಪ್ರಿಲ್‌ನಲ್ಲಿ ಮಾಡಿಸಿ. ಜೂನ್ ಜುಲೈನಲ್ಲಿ ಎಲ್ಲರೂ ಅಲ್ಲೇ ಇರ್ತಾರೆ.

ಆಮೇಲೆ ಹೆಸರು. ಇದು ನಮ್ಮವರಿಗೇ ಅಂಟಿದ ರೋಗ. ಊರಿನಲ್ಲಿ ಇನಿಶಿಯಲ್ ಮುಂದೆ. ಇಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಹೆಸರು, ಆಮೇಲೆ ಅಪ್ಪನ ಹೆಸರು. ಆಧಾರ್‌ನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ, ಬ್ಯಾಂಕಿನಲ್ಲಿ ಮತ್ತೊಂದು ಥರ. ಸ್ಕಾಲರ್‌ಶಿಪ್ ದುಡ್ಡು ಬರೋದು ಆಧಾರ್ ಜೋಡಿಸಿದ ಖಾತೆಗೆ. ಹೆಸರು ಹೊಂದದಿದ್ದರೆ ಮಂಜೂರಾದ ದುಡ್ಡೂ ನಿಂತುಹೋಗತ್ತೆ. ಹತ್ತನೇ ಕ್ಲಾಸಿನ ಬೋರ್ಡ್ ಫಾರ್ಮ್ ತುಂಬೋ ಮೊದಲೇ ಮೂರನ್ನೂ ಒಂದೇ ಮಾಡಿಸಿ. ಖಾತೆ ಮಗುವಿನ ಹೆಸರಲ್ಲೇ ಇರಲಿ.

ಕ್ಯಾಪ್ ಫಾರ್ಮಿನಲ್ಲಿ ಆದ್ಯತೆಯ ಕ್ರಮವನ್ನ ಸುಮ್ಮನೆ ತುಂಬಬೇಡಿ. ಮೊದಲ ರೌಂಡಿನಲ್ಲಿ ಮೊದಲನೇ ಆಯ್ಕೆಯೇ ಸಿಕ್ಕರೆ ಅದನ್ನೇ ತಗೋಬೇಕಾಗತ್ತೆ. ಅದಕ್ಕಿಂತ ಕೆಳಗಿನದು ಸಿಕ್ಕರೆ ಅದನ್ನ ಕೈಯಲ್ಲಿಟ್ಟುಕೊಂಡೇ ಮುಂದಿನ ರೌಂಡಿಗೆ ಬೆಟರ್‌ಮೆಂಟ್‌ಗೆ ಹೋಗಬಹುದು. ನಾಳೆ ಸಂಜೆಯೊಳಗೆ ದುಡ್ಡು ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ, ಒಂದೇ ಪ್ರಶ್ನೆ ಕೇಳಿ: ಇದು ಕ್ಯಾಪ್ ಸೀಟಾ? ಇಬಿಸಿ ಸಿಗತ್ತಾ? ಬರವಣಿಗೆಯಲ್ಲಿ ಕೊಡ್ತೀರಾ?

ನಿಯಮಗಳು ವರ್ಷಾ ವರ್ಷ ಬದಲಾಗ್ತವೆ. ನಾನು ಹೇಳಿದ ಅಂಕಿಗಳನ್ನ ಆ ವರ್ಷದ ಪುಸ್ತಿಕೆಯಲ್ಲಿ ಒಮ್ಮೆ ಸರಿನೋಡಿಕೊಳ್ಳಿ. ನನ್ನ ಮಾತು ನಂಬಿ ಒಂದು ಮನೆಯವರು ಈಗಾಗಲೇ ಸೋತಿದ್ದಾರೆ.

ಆ ಭಾನುವಾರ ಮುಗಿಯೋ ಹೊತ್ತಿಗೆ ಹುಡುಗ ಏನೂ ತೀರ್ಮಾನ ಮಾಡಿರಲಿಲ್ಲ. ಮಾಡಬೇಕಾಗೂ ಇರಲಿಲ್ಲ. ನಾಲ್ಕೂ ಸಾಲು ತೆರೆದೇ ಇವೆ. ಆದರೆ ಒಂದು ಪ್ಲಾಸ್ಟಿಕ್ ಫೈಲು ತಯಾರಾಗಿದೆ. ಡೊಮಿಸೈಲ್, ಜನನ ಪ್ರಮಾಣಪತ್ರ, ಎಲ್‌ಸಿ, ಆಧಾರ್, ಪಾಸ್‌ಬುಕ್, ಅಪ್ಪ ಇಂಡಿಯಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ. ಅದನ್ನ ಜೋಡಿಸಿದ್ದು ನಾನಲ್ಲ, ಅವನ ಅಕ್ಕ. ಕೊನೇ ದಿನಾಂಕಗಳನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ. ಹೊರಡುವಾಗ ಅವಳು ಅಪ್ಪನಿಗೆ ಹೇಳಿದ್ದು ಹೀಗೆ: "ಅಪ್ಪಾ, ಈ ಸಲ ಎಲ್ಲಾ ರೌಂಡು ಮುಗಿಯೂ ತನಕ ಯಾರಿಗೂ ರೊಕ್ಕ ಕೊಡಬ್ಯಾಡ. ಅಣ್ಣಾ ಹೇಳಿದ್ರೂ ಕೊಡಬ್ಯಾಡ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಲಿಂಬೆ ತೋಟದ ಲಾವಣಿ ಅವಧಿ ಬರೋ ವರ್ಷ ಮುಗಿಯತ್ತೆ ಅಂತ ಕಾಕಾ ಹೇಳಿದರು. ಈ ಸಲ ಅದನ್ನ ಮತ್ತೆ ಬರೆದುಕೊಡೋ ಹಾಗೆ ಆಗಬಾರದು ಅನ್ನೋದೇ ನಮ್ಮೆಲ್ಲರ ಲೆಕ್ಕ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹತ್ತನೇ, ಹನ್ನೊಂದನೇ ಕ್ಲಾಸಿನ ಮಗು ಇದ್ದರೆ ಇವತ್ತು ರಾತ್ರಿ ಅದರ ಆಧಾರ್ ಮತ್ತು ಶಾಲೆಯ ದಾಖಲೆ ಪಕ್ಕಪಕ್ಕ ಇಟ್ಟು ಹೆಸರು ಓದಿ ನೋಡಿ. ಅಲ್ಲಿಂದ ಶುರು ಮಾಡಿ.